ಹೊಸ ಸೆನ್ಸರ್ ತರುವ ಮೊದಲು ಕಪ್ಲರ್ ಬಿಚ್ಚಿ ನೋಡಿ

"ಸೆನ್ಸರ್ ಹೋಗಿದೆ, ಬದಲಿಸಬೇಕು." ಮಳೆಗಾಲದಲ್ಲಿ ಕಾರನ್ನು ಗ್ಯಾರೇಜಿಗೆ ಒಯ್ದವರಿಗೆ ಈ ಮಾತು ಹೊಸದಲ್ಲ. ಎಂಜಿನ್ ದೀಪ ಹತ್ತಿದೆ, ಸ್ಕ್ಯಾನರ್ ಪಿ0118 ಎಂದು ತೋರಿಸಿದೆ, ಅಂದ ಮೇಲೆ ಕೂಲಂಟ್ ಸೆನ್ಸರ್ ಸತ್ತಿದೆ ಎಂಬುದು ನಂಬಿಕೆ. ಆ ಕೋಡ್ ಹೇಳುವುದು ಇಷ್ಟೇ: ಆ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಮಿತಿ ಮೀರಿದೆ. ಸರ್ಕ್ಯೂಟಿನೊಳಗೆ ವೈರೂ ಇದೆ, ಗ್ಯಾರೇಜಿನವರು ಕಪ್ಲರ್ ಎನ್ನುವ ಕನೆಕ್ಟರೂ ಇದೆ. ಕೀ ಆಫ್ ಮಾಡಿ, ಲಾಕ್ ಒತ್ತಿ ಅದನ್ನು ಬಿಚ್ಚಿ ನೋಡಲು ಎಷ್ಟು ಹೊತ್ತು ಬೇಕು? ಆದರೂ ಆ ಕೆಲಸ ಯಾಕೋ ಕೊನೆಗೇ ಉಳಿಯುತ್ತದೆ.

"ಇಷ್ಟೇ ಇಷ್ಟು ಕಿಲುಬಿಗೆ ಏನಾಗುತ್ತೆ, ಹೆಡ್‌ಲೈಟ್ ಉರೀತಿದೆಯಲ್ಲ?" ಹೆಡ್‌ಲೈಟಿನಲ್ಲಿ ಹರಿಯುವುದು ಹಲವು ಆಂಪಿಯರ್. ಸೆನ್ಸರಿಗೆ ಹೋಗುವುದು 5 ವೋಲ್ಟ್, ಆಂಪಿಯರಿನ ಸಾವಿರದ ಕೆಲವು ಪಾಲು ಕರೆಂಟು. ಕೂಲಂಟ್ ಸೆನ್ಸರಿನ ರೋಧ ಬಿಸಿಯಾದಂತೆ ಇಳಿಯುತ್ತದೆ. ಕಾದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕೆಲವು ನೂರು ಓಮ್ ಮಾತ್ರ. ಪಿನ್ನಿನ ಮೇಲಿನ ಕಿಲುಬು ಅದಕ್ಕೆ ಇನ್ನಷ್ಟು ಓಮ್ ಸೇರಿಸಿದರೆ ಕಾರಿನ ಕಂಪ್ಯೂಟರ್ ಆದ ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಎರಡು ಪಿನ್ನುಗಳ ನಡುವೆ ಉಪ್ಪಿನ ಪಸೆ ಹಬ್ಬಿದರೆ ಇದರ ತದ್ವಿರುದ್ಧ: ಅಲ್ಲೊಂದು ಅಡ್ಡದಾರಿ ಸಿಕ್ಕಿ ಎಂಜಿನ್ ಇದ್ದುದಕ್ಕಿಂತ ಬಿಸಿಯಾಗಿ ಕಾಣುತ್ತದೆ.

ನೀರು ಒಣಗಿದರೆ ಸರಿಹೋಗುತ್ತದೆ ಎಂಬುದು ಅರ್ಧ ಸತ್ಯ. ನೀರು ಹೋದರೂ ಉಪ್ಪು ಅಲ್ಲೇ ಉಳಿದು ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಮಂಗಳೂರು, ಕಾರವಾರದಂಥ ಊರುಗಳಲ್ಲಿ ಕಡಲ ಗಾಳಿಯೇ ಉಪ್ಪು ಹೊತ್ತು ತರುತ್ತದೆ. ತೇವದ ಕಪ್ಲರಿನಲ್ಲಿ ಪಾಸಿಟಿವ್ ಪಿನ್ ಬೇಗ ಕರಗುತ್ತದೆ, ಪಕ್ಕದ್ದು ಹೊಳೆಯುತ್ತಲೇ ಇರಬಹುದು. ಹಾಗಾಗಿ ಒಂದು ಪಿನ್ ನೋಡಿ ಮುಚ್ಚಬೇಡಿ. ಕಿಲುಬು ವೈರಿನ ಎಳೆಗಳ ಗುಂಟ ಒಳಕ್ಕೂ ಹಬ್ಬುತ್ತದೆ. ತಾಮ್ರ ಹಸಿರಾಗಿಯೋ ಕಪ್ಪಾಗಿಯೋ ಇದ್ದರೆ ಹೊಳೆಯುವ ಭಾಗ ಸಿಗುವವರೆಗೆ ಕತ್ತರಿಸಿ ಹೊಸ ತುದಿ ಹಾಕಬೇಕು.

ನೀರೇ ತಾಗದಿದ್ದರೂ ಕೆಡುವ ಕಪ್ಲರುಗಳಿವೆ. ಎಂಜಿನ್ ಅದುರಿದಂತೆ ತವರ ಲೇಪದ ಪಿನ್ನುಗಳು ಒಂದಕ್ಕೊಂದು ಉಜ್ಜಿ ಕಪ್ಪು ಪುಡಿ ಕೂರುತ್ತದೆ. ಕಪ್ಲರ್ ಅಲುಗಿಸಿದಾಗ ದೋಷ ಬಂದು ಹೋಗುವಂತಿದ್ದರೆ ಇದನ್ನೂ ಅನುಮಾನಿಸಿ.

ವಾಟರ್ ಸರ್ವಿಸ್ ಮಾಡಿಸುವವರ ನಂಬಿಕೆ ಬೇರೆ: "ಅದು ವಾಟರ್‌ಪ್ರೂಫ್, ಪ್ರೆಶರ್ ಗನ್ ಹಿಡೀರಿ." ಕಪ್ಲರಿನ ಐಪಿ67 ದರ್ಜೆ ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು. ಹತ್ತಿರದಿಂದ ಬಡಿಯುವ ನೀರಿಗೆ ಅದು ಉತ್ತರವಲ್ಲ, ಆ ಪರೀಕ್ಷೆಯೇ ಬೇರೆ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರಂತೂ ಕಪ್ಲರಿನೊಳಗಿನ ಗಾಳಿ ಕುಗ್ಗಿ, ಹಳೆಯ ರಬ್ಬರ್ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಕಿಲುಬು ಕಂಡ ಪಿನ್ನನ್ನು ಎಮರಿ ಪೇಪರಿನಿಂದ ಉಜ್ಜುವುದು ಬೇಡ. ತವರದ ಅಥವಾ ಚಿನ್ನದ ತೆಳು ಲೇಪ ಹೋಗಿ ಒಳಲೋಹ ಬಯಲಾದರೆ ಮುಂದಿನ ಕಿಲುಬು ಇನ್ನೂ ಬೇಗ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಆರಲು ಬಿಡಿ. ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಕರೆಂಟು ಚೆನ್ನಾಗಿ ಹರಿಯುತ್ತದೆ ಎನ್ನುವವರಿದ್ದಾರೆ. ಆ ಸಿಲಿಕೋನ್ ಗ್ರೀಸಿನಲ್ಲಿ ಕರೆಂಟು ಹರಿಯುವುದೇ ಇಲ್ಲ. ಅದರ ಕೆಲಸ ನೀರನ್ನು ಹೊರಗಿಡುವುದು. ಕಿಲುಬಿನ ಮೇಲೇ ಹಚ್ಚಿದರೆ ಕಿಲುಬೂ ಒಳಗೇ ಉಳಿಯುತ್ತದೆ.

ಮಲ್ಟಿಮೀಟರ್ ಸೊನ್ನೆ ಓಮ್ ತೋರಿಸಿತೆಂದು ಪಂಪ್, ಫ್ಯಾನಿನಂಥ ಭಾರಿ ಕರೆಂಟಿನ ವೈರನ್ನು ಪಾಸು ಮಾಡಬೇಡಿ. ಹತ್ತಾರು ಎಳೆಗಳಲ್ಲಿ ಒಂದೇ ಉಳಿದಿದ್ದರೂ ಮೀಟರ್ ಅದನ್ನೇ ತೋರಿಸುತ್ತದೆ. ಪಂಪ್ ಓಡುತ್ತಿರುವಾಗ ಕಪ್ಲರಿನ ಈಚೆ ಆಚೆ ಬದಿಗಳ ನಡುವೆ ಎಷ್ಟು ವೋಲ್ಟ್ ಇಳಿಯುತ್ತದೆ ಎಂದು ಅಳೆಯಿರಿ. ಅಳೆಯಲು ವೈರಿನ ಹೊದಿಕೆ ಚುಚ್ಚಬೇಡಿ, ಆ ತೂತಿನಿಂದಲೇ ನೀರು ಇಳಿಯುತ್ತದೆ. ತೆಳು ಪ್ರೋಬನ್ನು ಕಪ್ಲರಿನ ಹಿಂಬದಿಯಿಂದ, ಸೀಲ್ ಹರಿಯದಂತೆ ತೂರಿಸಿ. ಇನ್ನು ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದಕ್ಕೆ ಕೈ ಹಚ್ಚಬೇಡಿ.