ಸಿಮೆಂಟ್ ಬಳಿದರೆ ತೇವ ಮೇಲೇರುತ್ತದೆ!

ನೆಲದ ತೇವ ಹತ್ತಿದ ಹಳೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರೆ ತೇವ ನಿಲ್ಲುವುದಿಲ್ಲ, ಇನ್ನಷ್ಟು ಎತ್ತರಕ್ಕೆ ಏರುತ್ತದೆ. ವಿಜಯಪುರದ ಗಾಂಧಿ ಚೌಕದ ಆಸುಪಾಸು ಹಳೆಯ ಕಲ್ಲಿನ ಮನೆ ಉಳಿಸಿಕೊಂಡವರು ಇದನ್ನು ತಿಳಿದಿರಲೇಬೇಕು.

ಇಲ್ಲಿನ ಕರಿಕಲ್ಲು ನೀರು ಹೀರುವುದು ತೀರಾ ಕಡಿಮೆ. ತೇವ ಹತ್ತುವುದು ಕಲ್ಲುಗಳ ನಡುವಿನ ಮಣ್ಣು, ಗಾರೆಯ ಸಂದುಗಳಲ್ಲಿ, ಬತ್ತಿಗೆ ಎಣ್ಣೆ ಏರಿದಂತೆ. ಸುಣ್ಣದ ಗಿಲಾವಿದ್ದರೆ ತೇವ ಸಾಮಾನ್ಯವಾಗಿ ಸುಮಾರು 1 ಮೀಟರ್ ಏರುವಷ್ಟರಲ್ಲಿ ಆರಿಹೋಗುತ್ತದೆ. ಸಿಮೆಂಟ್ ತೇವ ಹೊರಗೆ ಆರಿಹೋಗುವ ದಾರಿಯನ್ನೇ ಮುಚ್ಚುತ್ತದೆ.

ಗೋಡೆಯಲ್ಲಿ ಏಳುವ ಬಿಳಿ ಪುಡಿ ಬೂಷ್ಟಲ್ಲ, ನೀರಿನ ಜತೆ ಮೇಲೆ ಬಂದ ಸವಳು. ಅದು ಹರಳುಗಟ್ಟಿ ಹಿಗ್ಗುವಾಗ ಗಿಲಾವು ಉದುರುತ್ತದೆ. ಮೇಲೆ ಎಂಥ ದುಬಾರಿ ಬಣ್ಣ ಹಚ್ಚಿದರೂ ಅಷ್ಟೇ.

ಹೊರಗೆ ರಸ್ತೆಯ ಮಣ್ಣು ಏರಿ ಗೋಡೆಗೆ ತಾಗಿದ್ದರೆ ಮೊದಲು ಅದನ್ನು ತಗ್ಗಿಸಿ. ಆಮೇಲೆ ಸಿಮೆಂಟ್ ಕೆತ್ತಿಸಿ, ಗೋಡೆ ಆರಲು ಬಿಟ್ಟು, ಸುಣ್ಣದ ಗಾರೆ ಹಾಕಿಸಿ. ನೆಲಮಾಳಿಗೆಯಲ್ಲಿ ನೀರು ಹೊರಗಿನಿಂದ ಒತ್ತುವುದರಿಂದ ಒಳಗಿನ ಲೇಪ ಕಿತ್ತು ಬರುತ್ತದೆ. ಅಲ್ಲಿ ಹೊರಬದಿಯ ನೀರಿಗೆ ಹರಿದು ಹೋಗುವ ದಾರಿ ಮಾಡಬೇಕು. ದಪ್ಪ ಗೋಡೆ ಆರಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಸಿಮೆಂಟ್ ಕೆತ್ತುವ ಕೆಲಸವನ್ನು ಬೇಸಿಗೆಗೆ ಮುಂಚೆಯೇ ಶುರುಮಾಡಿ.