‘ಹಾಟ್’ ಎಂದರೆ ಬಿಸಿಯೋ, ಖಾರವೋ?

ಕೃಷ್ಣರಾಜ ಮಾರುಕಟ್ಟೆಯ ಮೆಣಸಿನಕಾಯಿ ಅಂಗಡಿಯಲ್ಲಿ ‘ಇದು ಹಾಟೇ?’ ಎಂದು ಕೇಳಿದರೆ ವ್ಯಾಪಾರಿ ತಬ್ಬಿಬ್ಬಾಗುವುದು ಸಹಜ. ಆ ಇಂಗ್ಲಿಷ್ ಪದವು ಹಬೆಯಾಡುವ ಕಾಫಿಗೂ ಸಲ್ಲುತ್ತದೆ, ಗುಂಟೂರು ಮೆಣಸಿನಕಾಯಿಗೂ ಸಲ್ಲುತ್ತದೆ. ಕದ್ದ ಮಾಲಿಗೂ ಅದೇ ವಿಶೇಷಣ! ಕನ್ನಡವು ಎಲ್ಲವನ್ನೂ ಹೀಗೆ ಒಂದೇ ಮೂಟೆಗೆ ತುಂಬುವುದಿಲ್ಲ. ಕಾಫಿ ಬಿಸಿ, ಮೆಣಸಿನಕಾಯಿ ಖಾರ, ಬೇಸಗೆಯದು ಸೆಕೆ, ಕಂಬಳಿಯೊಳಗೆ ಬೆಚ್ಚಗೆ. ಪರಂಗಿಹಣ್ಣು ತಣ್ಣಗಿದ್ದರೂ ಅಜ್ಜಿಯರ ಪಾಲಿಗೆ ಉಷ್ಣ. ಬ್ಯಾಡಗಿಯಂತೂ ಕೆಂಡದಂತೆ ಕಂಡರೂ ಖಾರ ಕಡಿಮೆ.

ಹಾಗೆಂದು ಇಂಗ್ಲಿಷನ್ನು ಹಳಿಯುವಂತಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಎಚ್ಚರಗೊಳ್ಳುವುದು ನರತುದಿಯ ಒಂದೇ ಗ್ರಾಹಕವೆಂದು ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಗೌರವವೂ ಸಂದಿತು. ಖಾರ ತಿಂದ ಮಗು ‘ಬಾಯಿ ಉರಿ’ ಎಂದು ಅಳುವುದು, ಹಾಗಾದರೆ, ಬರಿಯ ಅಲಂಕಾರವಲ್ಲ. ಆ ಉರಿಗೆ ನೀರಿಗಿಂತ ಮೊಸರೇ ಮೇಲು.