ಐನೂರು ಡಾಲರಿನ ಕ್ಯಾಮೆರಾ ಮತ್ತು ಅಜ್ಜಿಯ ಅಡುಗೆಮನೆ

"ಯಾವ ಕ್ಯಾಮೆರಾ ತಗೊಳ್ಲಿ ಹೇಳೋ?" ಅಂತ ಸ್ನೇಹಿತರು ಯಾರಾದ್ರೂ ಕೇಳಿದರೆ ಈಗೀಗ ನಾನು ಉತ್ತರ ಹೇಳೋ ಬದಲು ಒಂದು ಪ್ರಶ್ನೆ ಕೇಳ್ತೀನಿ. "ಯಾವ ಫೋಟೋ ತೆಗೀಬೇಕು ನಿಂಗೆ?" ಹೆಚ್ಚಿನವರು ತಬ್ಬಿಬ್ಬಾಗ್ತಾರೆ. ಎರಡು ವರ್ಷದ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ತಬ್ಬಿಬ್ಬಾಗ್ತಿದ್ದೆ. ಈಗ ನನ್ನ ಹತ್ತಿರ ಉತ್ತರ ಇದೆ: ನಮ್ಮಜ್ಜಿ ಒಲೆ ಊದೋ ಫೋಟೋ.

ಅಜ್ಜಿ ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಯಲ್ಲಿ, ರಸ್ತೆಯಿಂದ ಒಂದಷ್ಟು ಒಳಗೆ. ಮಳೆಗೆ ಹೆದರಿ ಕಟ್ಟಿದ ಮನೆ, ಹಾಗಾಗಿ ಬೆಳಕೂ ಒಳಗೆ ಬರೋಕೆ ಹೆದರುತ್ತೆ. ಅಡುಗೆಮನೆಗೆ ಒಂದು ಪುಟ್ಟ ಕಿಟಕಿ, ಮಾಡಿನಲ್ಲಿ ಒಂದು ಗಾಜಿನ ಹೆಂಚು, ಮೂಲೆಯಲ್ಲೊಂದು ಬಲ್ಬು. ಅಷ್ಟೇ. ಎಷ್ಟೋ ವರ್ಷದ ಹೊಗೆ ಹಿಡಿದು ಗೋಡೆ, ಅಟ್ಟ, ನಾಗಂದಿಗೆ ಎಲ್ಲಾ ಕಪ್ಪು. ಆ ಕಪ್ಪಿನ ನಡುವೆ ಒಲೆಯ ಬೆಂಕಿ, ಆ ಬೆಂಕಿಯ ಬೆಳಕಲ್ಲಿ ಅಜ್ಜಿಯ ಮುಖ. ನಾನು ಚಿಕ್ಕವನಿದ್ದಾಗಿಂದ ನೋಡಿರೋ ದೃಶ್ಯ ಇದು. ಇದರದ್ದೊಂದು ಒಳ್ಳೆ ಫೋಟೋ ನಮ್ಮ ಮನೆಯಲ್ಲಿ ಯಾರ ಹತ್ತಿರಾನೂ ಇರಲಿಲ್ಲ.

ಕಳೆದ ವರ್ಷ ಒಂದು ದಿನ ಮಾವ ಫೋನಿನಲ್ಲಿ, "ಅಡುಗೆಮನೆ ಕೆಡವಿ ಹೊಸದು ಕಟ್ಟಿಸ್ತಿದೀನಿ ಮಾರಾಯ, ಅಮ್ಮಂಗೆ ಹೊಗೆ ಆಗಲ್ಲ, ಕೆಮ್ಮು ಜಾಸ್ತಿ ಆಗ್ತಿದೆ" ಅಂದರು. ಸರಿಯಾದ ಮಾತೇ. ಎಂಬತ್ತನಾಲ್ಕು ವರ್ಷದ ಮುದುಕಿ ಹೊಗೆ ಕುಡಿಯಲಿ ಅಂತ ಇಲ್ಲಿ ಸನ್ನಿವೇಲ್‌ನಲ್ಲಿ ಕೂತು ನಾನು ಹೇಳೋಕಾಗುತ್ತಾ? "ಒಳ್ಳೇದಾಯ್ತು ಮಾವ" ಅಂದೆ. ಫೋನ್ ಇಟ್ಟ ಮೇಲೆ ನೆನಪಾಯ್ತು, ಫೋಟೋ ಇಲ್ಲ!

ಹಾಗಂತ ನಾನು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಎರಡು ಸಲ ಸೋತಿದ್ದೆ.

ಮೊದಲನೇ ಸಲ 2022ರಲ್ಲಿ. ಎಂ.ಎಸ್. ಮುಗಿಸಿ ಊರಿಗೆ ಹೋಗೋ ಸಂಭ್ರಮ. ಸೀನಿಯರ್ ಒಬ್ಬನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಕೊಂಡಿದ್ದೆ. ಲೆನ್ಸು, ಚಾರ್ಜರು, ಬ್ಯಾಗು ಎಲ್ಲಾ ಸೇರಿ ಒಂದೂವರೆ ಕೆಜಿ. ಅದನ್ನು ಚೀಲದಿಂದ ಹೊರಗೆ ತೆಗೆದ ತಕ್ಷಣ ಮನೆಯವರೆಲ್ಲ ಜಗಲಿಯಲ್ಲಿ ಸಾಲಾಗಿ ನಿಂತರು, ಕೈ ಕೆಳಗೆ, ಉಸಿರು ಮೇಲೆ. ಅಜ್ಜಿ ಒಳಗೆ ಹೋಗಿ ಮದುವೆಗೆ ಉಡೋ ಸೀರೆ ಉಟ್ಕೊಂಡು ಬಂದಳು. ಸಿಕ್ಕಿದ್ದು ರೇಷನ್ ಕಾರ್ಡಿಗೆ ಅಂಟಿಸಬಹುದಾದಂಥ ಫೋಟೋಗಳು. ಎರಡನೇ ದಿನದಿಂದ ಕ್ಯಾಮೆರಾ ಸೂಟ್‌ಕೇಸಿನಲ್ಲೇ ಉಳೀತು.

ಎರಡನೇ ಸಲ 2024ರಲ್ಲಿ, "ಫೋನೇ ಸಾಕು" ಅಂತ ಬರೀ ಫೋನ್ ಹಿಡ್ಕೊಂಡು ಹೋದೆ. ಫೋನ್ ಎತ್ತಿ ಹಿಡಿದ ಕೂಡಲೇ ಅಜ್ಜಿ ಊದುಕೊಳವೆ ಕೆಳಗಿಟ್ಟು, ಸೆರಗು ಸರಿ ಮಾಡ್ಕೊಂಡು, ಜೋರಾಗಿ "ಊಟ ಆಯ್ತನಾ? ಅಲ್ಲಿ ಚಳಿ ಉಂಟಾ?" ಅಂತ ಶುರು ಮಾಡಿದಳು. ಅವಳ ಪ್ರಕಾರ ಫೋನ್ ಹೀಗೆ ಹಿಡಿದರೆ ಅದು ವಿಡಿಯೋ ಕಾಲ್. ಅಮೆರಿಕದಲ್ಲಿರೋ ಮೊಮ್ಮಗ ಅದರೊಳಗೆ ಇರ್ತಾನೆ. ಆ ಮೊಮ್ಮಗ ಎದುರಿಗೇ ಕೂತಿದಾನೆ ಅನ್ನೋದು ಬೇರೆ ವಿಷಯ :-)

ಅದಕ್ಕಿಂತ ದೊಡ್ಡ ಸಮಸ್ಯೆ ಫೋಟೋದ್ದು. ಫೋನು ತುಂಬಾ ಬುದ್ಧಿವಂತ. ಒಂದರ ಹಿಂದೊಂದು ಹತ್ತಾರು ಚಿತ್ರ ತೆಗೆದು, ಜೋಡಿಸಿ, ಕತ್ತಲನ್ನೆಲ್ಲ ತೊಳೆದುಬಿಡ್ತು. ಕಪ್ಪು ಗೋಡೆ ಬೂದಿ ಬಣ್ಣ, ಒಲೆಯ ಕೆಂಪು ಬೆಳಕು ಟ್ಯೂಬ್‌ಲೈಟಿನ ಹಾಗೆ ಬಿಳಿ, ಅಜ್ಜಿಯ ಮುಖದ ಸುಕ್ಕೆಲ್ಲ ಮಾಯ. ಫೋಟೋ ಚೆನ್ನಾಗಿದೆ, ಆದ್ರೆ ಅದು ನಮ್ಮ ಅಡುಗೆಮನೆ ಅಲ್ಲ. ಇಲ್ಲಿಂದ ಹೈವೇ 17 ಹಿಡಿದು ಬೆಟ್ಟ ದಾಟಿದರೆ ಸಾಂಟಾ ಕ್ರೂಜ್. 1997ರ ಜೂನ್ 11ರಂದು ಫಿಲಿಪ್ ಕಾನ್ ಅನ್ನೋನು ಅಲ್ಲೇ ಆಸ್ಪತ್ರೆಯಲ್ಲಿ ಕೂತು, ಆಗಷ್ಟೇ ಹುಟ್ಟಿದ ಮಗಳ ಫೋಟೋವನ್ನು ಡಿಜಿಟಲ್ ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲ್ ಫೋನು ಮೂರನ್ನೂ ಜೋಡಿಸಿ ತನ್ನ ಬಳಗಕ್ಕೆಲ್ಲ ಕಳಿಸಿದ್ದ. ಅವತ್ತಿಂದ ಇವತ್ತಿಗೆ ಫೋನ್ ಕ್ಯಾಮೆರಾ ಬೆಳೆದಿರೋ ರೀತಿಗೆ ಕೈ ಮುಗೀಬೇಕು. ಆದ್ರೆ ನನಗೆ ಬೇಕಾಗಿದ್ದು ಕತ್ತಲನ್ನು ಕತ್ತಲಾಗೇ ಬಿಡೋ ಯಂತ್ರ.

ಸರಿ, ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ಒಂದು ಶನಿವಾರ ಕೂತು ಪಟ್ಟಿ ಮಾಡಿದೆ. ಒಂದು: ಜೇಬಿನಲ್ಲಿ ಹಿಡೀಬೇಕು. ಎರಡು: ಒಂದು ಬಲ್ಬಿನ ಬೆಳಕಲ್ಲಿ ಫ್ಲ್ಯಾಶ್ ಇಲ್ಲದೆ ಕೆಲಸ ಮಾಡ್ಬೇಕು. ಮೂರು: ಕಾರ್ಡು, ಬ್ಯಾಟರಿ ಎಲ್ಲಾ ಸೇರಿ 500 ಡಾಲರ್ ದಾಟಬಾರದು. (ಬೇ ಏರಿಯಾದಲ್ಲಿ ಬಾಡಿಗೆ ಕಟ್ಟಿದ ಮೇಲೆ ಉಳಿಯೋದರಲ್ಲಿ ಇದಕ್ಕಿಂತ ಹೆಚ್ಚು ಆಗಲ್ಲ ಸ್ವಾಮಿ.)

ಮೊದಲು ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟೆ. ನಾವು ಆಲ್ಬಮ್ಮಿಗೆ ಹಾಕೋ ನಾಲ್ಕು-ಆರು ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿ ಅಂತ ಹಿಡಿದರೂ, ಬೇಕಾಗೋದು ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಈಗ ಸಿಗೋ ಯಾವ ಕ್ಯಾಮೆರಾದಲ್ಲೂ ಅದಕ್ಕಿಂತ ಎಷ್ಟೋ ಪಾಲು ಇರುತ್ತೆ.

ನಿಜವಾಗಿ ನೋಡಬೇಕಾದ್ದು ಎರಡೇ. ಒಳಗಿನ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸಿನ ಬಾಯಿ ಎಷ್ಟು ಅಗಲ. ಮಳೆ ನೀರು ಹಿಡಿಯೋಕೆ ಅಂಗಳದಲ್ಲಿ ಪಾತ್ರೆ ಇಟ್ಟ ಹಾಗೆ ಅಂದ್ಕೊಳ್ಳಿ. ಸೆನ್ಸರ್ ಅನ್ನೋದು ಪಾತ್ರೆ, ಲೆನ್ಸು ಅನ್ನೋದು ಮಾಡಿನ ದೋಣಿ. ಪಾತ್ರೆ ದೊಡ್ಡದಿದ್ದು ದೋಣಿ ಸಣ್ಣದಿದ್ದರೂ ತುಂಬಲ್ಲ, ದೋಣಿ ದೊಡ್ಡದಿದ್ದು ಪಾತ್ರೆ ಲೋಟದಷ್ಟಿದ್ದರೂ ಪ್ರಯೋಜನ ಇಲ್ಲ. ಅಗ್ಗದ ಪುಟ್ಟ ಕ್ಯಾಮೆರಾಗಳ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್. "ಒಂದಿಂಚಿನ ಸೆನ್ಸರ್" ಅಂತ ಕರೆಯೋದು 13.2 ಇಂಟು 8.8, ಅಂದ್ರೆ 116 ಚದರ ಮಿಲಿಮೀಟರ್. (ಅಳತೆ ಹಾಕಿದರೆ ಎಲ್ಲೂ ಒಂದಿಂಚು ಸಿಗಲ್ಲ. ಹಳೇ ಟಿವಿ ಕ್ಯಾಮೆರಾ ಕೊಳವೆಗಳ ಕಾಲದ ಲೆಕ್ಕ ಇದು.) ಡಿಎಸ್‌ಎಲ್‌ಆರ್‌ಗಳಲ್ಲಿ ಸಾಮಾನ್ಯವಾಗಿ ಇರೋ ಎಪಿಎಸ್-ಸಿ ಸುಮಾರು 370. ಲೆನ್ಸಿನದ್ದು ಎಫ್ ಸಂಖ್ಯೆ. ಅದು ಚಿಕ್ಕದಾದಷ್ಟೂ ಬಾಯಿ ಅಗಲ.

ನಾನು ಮಾಡಿದ್ದು ಸರಳ ಲೆಕ್ಕ. ಸೆನ್ಸರಿನ ವಿಸ್ತೀರ್ಣವನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿದೆ. ಬಂದ ಅಂಕ ದೊಡ್ಡದಿದ್ದಷ್ಟೂ ಕತ್ತಲಲ್ಲಿ ಒಳ್ಳೇದು. ಫಲಿತಾಂಶ ನೋಡಿ ನನಗೇ ನಗು ಬಂತು. ನನ್ನ ಒಂದೂವರೆ ಕೆಜಿ ಡಿಎಸ್‌ಎಲ್‌ಆರ್, ಅದರ ಜೊತೆ ಬಂದಿದ್ದ ಎಫ್/3.5 ಲೆನ್ಸಿಗೆ ಸಿಕ್ಕಿದ್ದು 30. ಜೇಬಲ್ಲಿ ಹಿಡಿಯೋ ಸೋನಿ ಆರ್‌ಎಕ್ಸ್100-3, ಎಫ್/1.8, ತೂಕ 290 ಗ್ರಾಂ, ಅದಕ್ಕೆ 36! ದೊಡ್ಡ ಸೆನ್ಸರ್ ಫೋನುಗಳಿಗೂ 20ರ ಮೇಲೆ ಬರುತ್ತೆ, ಅಂದ್ರೆ ಅವೂ ಅಷ್ಟೇನು ಹಿಂದಿಲ್ಲ. ಸಣ್ಣ ದೋಣಿ ಕಟ್ಟಿದ ಹಂಡೆ ಹೊತ್ಕೊಂಡು ಎರಡು ಸಮುದ್ರ ದಾಟಿದ್ದೆ ನಾನು.

ಕೊನೆಗೆ ನಾಲ್ಕು ಉಳಿದವು. ನಾಲ್ಕೂ ಹಳೇವು, ಸೆಕೆಂಡ್ ಹ್ಯಾಂಡೇ ಗತಿ. ಯಾಕಂದ್ರೆ ಇದೇ ಜಾತಿಯ ಹೊಸ ಕ್ಯಾಮೆರಾಗಳ ಬೆಲೆ ಕೇಳೋ ಹಾಗಿಲ್ಲ. 2024ರಲ್ಲಿ ಬಂದ ಫ್ಯೂಜಿ ಎಕ್ಸ್100-6 ಬಿಡುಗಡೆಯ ದಿನವೇ 1,599 ಡಾಲರ್ ಇತ್ತು.

ರಿಕೋ ಜಿಆರ್-2 (2015): ಎಪಿಎಸ್-ಸಿ ಸೆನ್ಸರ್, ಎಫ್/2.8, ಬರೀ 251 ಗ್ರಾಂ. ನನ್ನ ಲೆಕ್ಕದಲ್ಲಿ 47. ಬೀದಿ ಫೋಟೋ ತೆಗೆಯೋರಿಗೆ ದೇವರಿದ್ದ ಹಾಗೆ. ಆದ್ರೆ ಜೂಮ್ ಇಲ್ಲ, ಕೈ ನಡುಗಿದರೆ ಸರಿಪಡಿಸೋ ವ್ಯವಸ್ಥೆಯೂ ಇಲ್ಲ. ಅದು ಬಂದಿದ್ದು 2019ರ ಜಿಆರ್-3ರಲ್ಲಿ, ಅದು ನನ್ನ ಬಜೆಟ್ಟಿನ ಆಚೆ.

ಪ್ಯಾನಸೋನಿಕ್ ಎಲ್‌ಎಕ್ಸ್100 (2014): ಅಂಕ 60ರ ಆಸುಪಾಸು, ನಾಲ್ಕರಲ್ಲೂ ಇದೇ ಮುಂದೆ. ಆದ್ರೆ 393 ಗ್ರಾಂ, ಲೆನ್ಸು ಮುಂದಕ್ಕೆ ಚಾಚಿರುತ್ತೆ. ಜಾಕೆಟ್ ಜೇಬಿಗೆ ಸರಿ, ಪ್ಯಾಂಟ್ ಜೇಬಿಗಲ್ಲ. ಊರಲ್ಲಿ ಜಾಕೆಟ್ ಯಾರು ಹಾಕ್ತಾರೆ?

ಕ್ಯಾನನ್ ಜಿ7 ಎಕ್ಸ್ (2014): ಒಂದಿಂಚಿನ ಸೆನ್ಸರ್, ಎಫ್/1.8ರಿಂದ 2.8, ಜೂಮೂ ಜಾಸ್ತಿ. ಆದ್ರೆ ಈ ಸರಣಿಯ ಮೇಲೆ ಹುಡುಗ ಹುಡುಗೀರಿಗೆ ಇತ್ತೀಚೆಗೆ ಎಂಥಾ ಮೋಹ ಅಂದ್ರೆ, ಹಳೇ ಕ್ಯಾಮೆರಾಗೂ ಹೊಸದರ ಬೆಲೆ ಕೇಳ್ತಾರೆ.

ಸೋನಿ ಆರ್‌ಎಕ್ಸ್100-3 (2014): ಅದೇ ಒಂದಿಂಚಿನ ಸೆನ್ಸರ್, 24ರಿಂದ 70 ಮಿ.ಮೀ. ಜೂಮ್, ಕೊನೆಯ ತನಕ ಎಫ್/2.8. ಜೊತೆಗೆ ಮೂಲೆಯಿಂದ ಮೇಲೇಳೋ ಪುಟ್ಟ ವ್ಯೂಫೈಂಡರ್. ನನಗೆ ಇದೇ ಬೇಕಿತ್ತು ಅಂತ ಹೊಳೆದದ್ದು ಆಮೇಲೆ. ಕತ್ತಲೆ ಕೋಣೆಯಲ್ಲಿ ಸ್ಕ್ರೀನ್ ಹೊಳೆದರೆ ಎಲ್ಲರ ಗಮನ ಅದರ ಮೇಲೇ. ಕಣ್ಣಿಗೆ ಹಚ್ಚಿ ನೋಡಿದರೆ ಬೆಳಕೇ ಹೊರಗೆ ಬರಲ್ಲ. ಬಿಡುಗಡೆ ಆದಾಗ ಇದರ ಬೆಲೆ 800 ಡಾಲರ್.

ಇದೇ ಆಗಲಿ ಅಂತ ನಿರ್ಧಾರ ಮಾಡಿದೆ. ಕೈಯಲ್ಲಿ ಹಿಡಿದು ನೋಡೋಣ ಅಂದ್ರೆ ಅಂಗಡಿಗಳೆಲ್ಲಿ? ಪಾಲೋ ಆಲ್ಟೋದಲ್ಲಿದ್ದ ಹೆಸರುವಾಸಿ ಕೀಬಲ್ ಅಂಡ್ ಶುಚಾಟ್ 2016ರಲ್ಲಿ ಮುಚ್ಚಿತು. ಇಡೀ ಸಿಲಿಕಾನ್ ಕಣಿವೆಯ ಸಂತೆ ಆಗಿದ್ದ ಫ್ರೈಸ್ 2021ರಲ್ಲಿ ಬಾಗಿಲು ಹಾಕಿತು. ಕ್ಯಾಮೆರಾಗಳ ಮಿದುಳು ತಯಾರಾಗೋ ಊರಲ್ಲಿ ಕ್ಯಾಮೆರಾ ಮುಟ್ಟಿ ನೋಡೋಕೆ ಜಾಗ ಹುಡುಕಬೇಕು. ಕೊನೆಗೆ ಮೌಂಟನ್ ವ್ಯೂನ ಒಬ್ಬರು ಹಿರಿಯರು ಮಾರ್ತಿದ್ದಾರೆ ಅಂತ ಸಿಕ್ಕಿತು. ಲೈಬ್ರರಿ ಮುಂದೆ ಭೇಟಿ ಆದ್ವಿ.

ನೀವೂ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಇಷ್ಟು ಮರೀಬೇಡಿ. ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಎಫ್/11 ಇಟ್ಟು ಖಾಲಿ ಆಕಾಶದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕಿ ಕಂಡ್ರೆ ಒಳಗೆ ಧೂಳು ಕೂತಿದೆ ಅಂತ ಅರ್ಥ. ಬಿಚ್ಚಲಾಗದ ಲೆನ್ಸಿನ ಕ್ಯಾಮೆರಾಗಳಲ್ಲಿ ಅದನ್ನು ನಾವೇ ಒರೆಸೋಕಾಗಲ್ಲ. ಜೂಮ್ ಹಿಂದೆ ಮುಂದೆ ಆಡಿಸಿ, ಮರಳು ಅರೆದ ಸದ್ದು ಬಂದ್ರೆ ನಮಸ್ಕಾರ ಹೇಳಿ ಬನ್ನಿ. ಲೆನ್ಸಿಗೆ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯಾ ನೋಡಿ. ಬ್ಯಾಟರಿ ಉಬ್ಬಿದೆಯಾ ಅಂತಲೂ ನೋಡಿ. ಇನ್ನೊಂದು ಮುಖ್ಯ ವಿಷಯ, ಜಪಾನಿನಿಂದ ಅಗ್ಗಕ್ಕೆ ಬರೋ ಸೋನಿ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಜಪಾನಿ ಭಾಷೆಯ ಮೆನು ಮಾತ್ರ ಇರುತ್ತೆ. ಕೇಳಿ ತಗೊಳ್ಳಿ.

ನನ್ನದು ಎಲ್ಲದರಲ್ಲೂ ಪಾಸಾಯ್ತು. 390 ಡಾಲರ್. ಇನ್ನೆರಡು ಬ್ಯಾಟರಿ, ಕಾರ್ಡು, ಪುಟ್ಟ ಚೀಲ ಸೇರಿ 450 ಆಯ್ತು. ಉಳಿದ ಐವತ್ತನ್ನು ಪ್ರಿಂಟಿಗೆ ಅಂತ ಎತ್ತಿಟ್ಟೆ.

ಮೂರು ವಾರ ಅಭ್ಯಾಸ ಮಾಡಿದೆ. ದಿನಾ ಸಂಜೆ ಅಡುಗೆಮನೆ ಲೈಟ್ ಆರಿಸಿ, ಗ್ಯಾಸ್ ಸ್ಟವ್ ಮುಂದೆ ರೂಮ್‌ಮೇಟನ್ನು ನಿಲ್ಲಿಸಿ ಫೋಟೋ ತೆಗೆದೆ. ಪಾಪ, ಅವನು ಮ್ಯಾಗಿ ಮಾಡ್ತಾ ಅಜ್ಜಿ ಪಾತ್ರ ವಹಿಸಿದ. ಸೆಕೆಂಡಿನ 30ನೇ ಒಂದು ಭಾಗ, ಐಎಸ್‌ಒ 1600, ಎಫ್/1.8. ಇದು ಕೈಗೆ ಕೂತಿತು. ಎಕ್ಸ್‌ಪೋಶರ್ ಒಂದು ಮೆಟ್ಟಿಲು ಇಳಿಸಿದರೆ ಕತ್ತಲು ಕತ್ತಲಾಗೇ ಉಳಿಯುತ್ತೆ, ವೈಟ್ ಬ್ಯಾಲೆನ್ಸನ್ನು ಹಗಲಿಗೆ ಕಟ್ಟಿ ಹಾಕಿದರೆ ಬೆಂಕಿ ಬೆಂಕಿಯ ಬಣ್ಣದಲ್ಲೇ ಇರುತ್ತೆ ಅಂತ ಕಲಿತದ್ದೂ ಆಗಲೇ.

ಊರಿಗೆ ಹೋದ ಮೊದಲ ಎರಡು ದಿನ ಫೋಟೋನೇ ತೆಗೀಲಿಲ್ಲ. ಸುಮ್ಮನೆ ಜೇಬಲ್ಲಿಟ್ಕೊಂಡು ಓಡಾಡಿದೆ. ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಮಣೆ ಹಾಕ್ಕೊಂಡು ಕೂತು ಹೊರಗೆ ತೆಗೆದೆ.

"ಎಂತದಾ ಅದು, ಸೋಪಿನ ಡಬ್ಬಿ?" ಅಂದಳು ಅಜ್ಜಿ.

"ಕ್ಯಾಮೆರಾ ಅಜ್ಜಿ."

"ಇಷ್ಟು ಸಣ್ಣದರಲ್ಲಿ ಎಂತ ಫೋಟೋ ಬರ್ತದೆ ಮಾರಾಯ!" ಅಂತ ನಕ್ಕು, ತಿರುಗಿ ಒಲೆ ಊದೋಕೆ ಶುರು ಮಾಡಿದಳು. ಸೀರೆ ಬದಲಾಯಿಸಲಿಲ್ಲ, ಸೆರಗು ಸರಿ ಮಾಡಲಿಲ್ಲ, ಅಮೆರಿಕದ ಚಳಿ ವಿಚಾರಿಸಲಿಲ್ಲ. ಅವಳ ಲೆಕ್ಕದಲ್ಲಿ ಅದು ಕ್ಯಾಮೆರಾನೇ ಅಲ್ಲ. ನನ್ನ ಯಾವ ಲೆಕ್ಕದಲ್ಲೂ ಇಲ್ಲದಿದ್ದ ಅಂಕ ಇದು!

ಆ ಬೆಳಿಗ್ಗೆ ನಲವತ್ತು ಫೋಟೋ ತೆಗೆದೆ. ಮೂವತ್ತರಲ್ಲಿ ಕೈ ಅಲುಗಿದೆ, ಒಂದಷ್ಟರಲ್ಲಿ ಹೊಗೆ ಅಡ್ಡ ಬಂದಿದೆ. ಒಂದೇ ಒಂದರಲ್ಲಿ ಕಿಡಿ ಮೇಲೇಳ್ತಿದೆ, ಕೆನ್ನೆ ಉಬ್ಬಿದೆ, ಕಣ್ಣು ಅರ್ಧ ಮುಚ್ಚಿದೆ, ಗೋಡೆ ಕಪ್ಪಾಗೇ ಇದೆ. ನೋಡಿದರೆ ಕಾಳು ಕಾಳು ಕಾಣುತ್ತೆ, ಅಂತರ್ಜಾಲದ ಪಂಡಿತರು ಇದನ್ನು ಫೋಟೋ ಅಂತ ಒಪ್ಪಲಿಕ್ಕಿಲ್ಲ. ಇರಲಿ ಬಿಡಿ. ಆನ್ಸೆಲ್ ಆಡಮ್ಸ್ 1916ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಯೊಸೆಮಿಟಿಯಲ್ಲಿ ಶುರು ಮಾಡಿದ್ದೂ ಅಪ್ಪ ಅಮ್ಮ ಕೊಡಿಸಿದ ಕೊಡ್ಯಾಕ್ ಡಬ್ಬಿ ಕ್ಯಾಮೆರಾದಲ್ಲೇ.

ಬರೋ ದಿನ ಕ್ಯಾಮೆರಾ ಮಾವನ ಮಗಳ ಕೈಗೆ ಕೊಟ್ಟು ಬಂದೆ, ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿ ಸಮೇತ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತೆ. ಪಿಯುಸಿ ಓದ್ತಿದಾಳೆ, ಅಜ್ಜಿ ಜೊತೆ ದಿನಾ ಇರೋಳು ಅವಳು. ಹದಿನೈದು ದಿನಕ್ಕೆ ಬಂದು ಹೋಗೋ ನಾನಲ್ಲ.

ಆ ಐವತ್ತು ಡಾಲರಿನಲ್ಲಿ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿಗೆ ಕಳಿಸಿದೆ. ಅದು ತಲುಪೋ ಹೊತ್ತಿಗೆ ಹಳೇ ಅಡುಗೆಮನೆ ಕೆಡವಿ ಆಗಿತ್ತು. ಅಜ್ಜಿ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದಳಂತೆ. ಸಂಜೆ ಫೋನ್ ಮಾಡಿದಾಗ "ಹೇಗಿದೆ ಅಜ್ಜಿ?" ಅಂದೆ.

"ನಾನು ಮುದುಕಿ ಹಂಗೆ ಕಾಣ್ತೆ," ಅಂದಳು. ಸ್ವಲ್ಪ ಬಿಟ್ಟು, "ಒಲೆ ಚೆನ್ನಾಗಿ ಉರೀತಾ ಇತ್ತು ಅವತ್ತು. ಸೌದೆ ಒಣಗಿತ್ತಲ್ಲ."